ಮಳೆಗೆ ಟೈರು ಕೊಳ್ಳುವಾಗ ಅಗಲದ ಮೋಹ ಬಿಡಿ

ಪುತ್ತೂರಿನ ಮಿತ್ರರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾರು ವರ್ಟಸ್ ಜಿಟಿ, ಟೈರು 205/55 ಆರ್16 (ಅಗಲ 205 ಮಿಲಿಮೀಟರ್, ಬದಿಯ ಎತ್ತರ ಅದರ ಶೇ 55, ರಿಮ್ಮು 16 ಇಂಚು), ಓಡಿದ್ದು 42 ಸಾವಿರ ಕಿಲೋಮೀಟರ್. ತಿಂಗಳಿಗೆ ಎರಡು ಬಾರಿ ಶಿರಾಡಿ ಹತ್ತಿ ಬೆಂಗಳೂರು, ನಡುನಡುವೆ ಚಾರ್ಮಾಡಿಯಲ್ಲಿ ಚಿಕ್ಕಮಗಳೂರು. ಮಳೆ ಹಿಡಿಯುವ ಮೊದಲು ಒಳ್ಳೆಯ ಹಿಡಿತದ ಸ್ಪೋರ್ಟ್ಸ್ ಟೈರು ಬೇಕು. ಅಂಗಡಿಯವರು 225/50 ಆರ್16 ಹಾಕಿಸಿ, ಅಗಲವಿದ್ದಷ್ಟೂ ಹಿಡಿತ ಎಂದಿದ್ದಾರೆ. ಇಲ್ಲಿ ಉತ್ತರಿಸಿದ ಮೂವರೂ ಅದಕ್ಕೆ ತಲೆಯಾಡಿಸಿದ್ದಾರೆ. ನಾನು ಬೇಡ ಎನ್ನುತ್ತೇನೆ. ಉತ್ತರ ಉದ್ದವಾಗುತ್ತದೆ, ಚಹಾ ಹಿಡಿದುಕೊಂಡೇ ಓದಿ.

ಅಂಗಡಿಯವರ ಲೆಕ್ಕದಲ್ಲಿ ಒಂದು ಸರಿ ಇದೆ: 225/50ರ ವ್ಯಾಸ ಹೆಚ್ಚುಕಡಿಮೆ ನಿಮ್ಮ ಈಗಿನ ಟೈರಿನಷ್ಟೇ, ಸುಮಾರು 632 ಮಿಲಿಮೀಟರ್. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಒಣ ರಸ್ತೆಯಲ್ಲಿ ತಿರುವು ತೆಗೆಯುವಾಗ ಖುಷಿಯೂ ಸಿಗಬಹುದು. ಆದರೆ ನೀವು ಕೇಳಿದ್ದು ಮಳೆಯ ಮಾತು. ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ, ನೀವು 80ರಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಸೆಕೆಂಡಿಗೆ 22 ಮೀಟರ್. 205 ಮಿಲಿಮೀಟರ್ ಅಗಲದ ಒಂದು ಟೈರಿನ ದಾರಿಯಲ್ಲಿ ಪ್ರತಿ ಸೆಕೆಂಡಿಗೆ ಹದಿಮೂರು ಲೀಟರ್ ದಾಟಿದ ನೀರು ಎದುರಾಗುತ್ತದೆ. ಒಂದು ಕೊಡ ತುಂಬ. ಮುಂದಿನ ಟೈರು ಅದನ್ನು ಬದಿಗೋ ತನ್ನ ಮೈಮೇಲಿನ ತೋಡುಗಳ ಒಳಕ್ಕೋ ಸರಿಸಿ ರಸ್ತೆಯನ್ನು ಮುಟ್ಟಬೇಕು. ಸರಿಸಲಾಗದಿದ್ದರೆ ನೀರಿನ ಮೇಲೇರಿ ತೇಲುತ್ತದೆ. ಟೈರನ್ನು ಅಗಲ ಮಾಡಿದಿರೋ, ಕೊಡಕ್ಕೆ ಇನ್ನೊಂದು ಚೊಂಬು ಸೇರಿತು. ಕಾರಿನ ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇರುವುದರಿಂದ ನೆಲ ಮುಟ್ಟುವ ಜಾಗ ಒಟ್ಟಾರೆ ಹೆಚ್ಚುವುದಿಲ್ಲ, ಅಂಗೈಯಷ್ಟೇ. ಉದ್ದಕ್ಕಿದ್ದದ್ದು ಅಡ್ಡಕ್ಕಾಗುತ್ತದೆ, ಅಷ್ಟೇ. ಆದ್ದರಿಂದ ಕಂಪನಿ ಕೊಟ್ಟ ಅಳತೆಯಲ್ಲೇ ಇರಿ. ಅಗಲಕ್ಕೆ ಹಾಕುವ ಹಣವನ್ನು ರಬ್ಬರಿನ ಗುಣಕ್ಕೆ ಹಾಕಿ.

ಅಡಿಕೆ ತೋಟ ಇದ್ದವರಿಗೆ ಟೈರಿನ ತೋಡುಗಳನ್ನು ವಿವರಿಸುವ ಅಗತ್ಯವೇ ಇಲ್ಲ. ಅವು ಬಸಿಗಾಲುವೆಗಳು. ಸುತ್ತಲೂ ಓಡುವ ಮೂರು ನಾಲ್ಕು ದೊಡ್ಡ ತೋಡುಗಳೇ ಮುಖ್ಯ ಕಾಲುವೆ, ಬದಿಗೆ ತೆರೆದುಕೊಳ್ಳುವವು ಮರಿಗಾಲುವೆ. ಮಣ್ಣು ತುಂಬಿ ಅರ್ಧವಾದ ಬಸಿಗಾಲುವೆ ಸಣ್ಣ ಮಳೆಗೆ ಸಾಕಾಗುತ್ತದೆ, ಆಷಾಢದ ಮಳೆಗೆ ತೋಟದಲ್ಲೇ ನೀರು ನಿಲ್ಲುತ್ತದೆ. ಹೊಸ ಕಾರು ಟೈರಿನಲ್ಲಿ ತೋಡಿನ ಆಳ ಸುಮಾರು ಎಂಟು ಮಿಲಿಮೀಟರ್. ಕಾನೂನು 1.6ರ ತನಕ ಓಡಿಸಲು ಬಿಡುತ್ತದೆ. ಅಂದರೆ ನೀರಿಗೆ ಸಿಗುವ ಜಾಗ ಐದನೇ ಒಂದಕ್ಕೆ ಇಳಿದರೂ ನೀವು ಕಾನೂನಿನ ಒಳಗೇ ಇರುತ್ತೀರಿ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಮಳೆಗೆ ಮೂರು ಮಿಲಿಮೀಟರೇ ಕೊನೆ. ಅಳೆಯಲು ಸಾಧನವಿಲ್ಲದಿದ್ದರೆ ಬೆಂಕಿಕಡ್ಡಿಯೊಂದನ್ನು ತೋಡಿಗೆ ಇಳಿಸಿ, ಅಂಚಿನ ಮಟ್ಟಕ್ಕೆ ಉಗುರಿನಿಂದ ಗುರುತು ಹಾಕಿ, ಮಕ್ಕಳ ಸ್ಕೇಲಿಗೆ ಹಿಡಿಯಿರಿ. ಒಳಬದಿ, ನಡು, ಹೊರಬದಿ ಮೂರೂ ಕಡೆ ನೋಡಿ. 42 ಸಾವಿರ ಓಡಿದ ಮುಂದಿನ ಚಕ್ರಗಳಲ್ಲಿ, ಅದೂ 250 ನ್ಯೂಟನ್ ಮೀಟರ್ ಎಳೆಯುವ ನಿಮ್ಮ ಎಂಜಿನ್ನಿನ ಕೆಳಗೆ, ಹೆಚ್ಚೇನೂ ಉಳಿದಿರಲಾರದು.

ಆದರೆ ಆಳವೊಂದಿದ್ದರೆ ಸಾಲದು ಎಂದು ನನಗೆ ಕಲಿಸಿದ್ದು ಚಾರ್ಮಾಡಿ. ನನ್ನ ಹಿಂದಿನ ಕಾರಿಗೆ 2019ರಲ್ಲಿ ನಾಲ್ಕು ಟೈರು ಹಾಕಿಸಿದ್ದೆ. ಅಂಗಡಿಯ ಹೆಸರು ಬೇಡ. ಒಳ್ಳೆಯ ರಿಯಾಯಿತಿ ಸಿಕ್ಕಿತೆಂದು ಬೀಗಿದ್ದೆ. 2021ರ ಜುಲೈಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯುತ್ತಿದ್ದೆ. ವೇಗ ಮೂವತ್ತೈದರ ಆಸುಪಾಸು. ಒಂದು ತಿರುವಿನಲ್ಲಿ ಧರೆಯಿಂದ ಕೆಮ್ಮಣ್ಣಿನ ನೀರು ರಸ್ತೆಗೆ ಅಡ್ಡ ಹರಿದಿತ್ತು. ಬ್ರೇಕ್ ಮುಟ್ಟಿದೆ. ಪೆಡಲು ಕಾಲಿನ ಕೆಳಗೆ ಕಟಕಟ ಎಂದು ಅದುರಿತು, ಸ್ಟೀರಿಂಗ್ ಖಾಲಿ ಪಾತ್ರೆಯಂತೆ ಹಗುರಾಯಿತು, ಕಾರು ತಿರುವನ್ನು ಬಿಟ್ಟು ನೇರಕ್ಕೆ ಹೊರಟಿತು. ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ಕೆಳಗಿಳಿದ ಮೇಲೆ ನೋಡಿದರೆ ತೋಡು ಇನ್ನೂ ನಾಲ್ಕು ಮಿಲಿಮೀಟರ್ ಇದೆ! ಟೈರಿನ ಬದಿಯಲ್ಲಿ 3516 ಎಂದಿತ್ತು. 2016ರ 35ನೇ ವಾರದಲ್ಲಿ ತಯಾರಾದದ್ದು. ನಾನು ಕೊಳ್ಳುವಾಗಲೇ ಅದಕ್ಕೆ ಸುಮಾರು ಮೂರು ವರ್ಷ. ಹೆಬ್ಬೆರಳಿನ ಉಗುರು ಒತ್ತಿದೆ, ಗುರುತೇ ಬೀಳಲಿಲ್ಲ. ರಬ್ಬರು ಮರವಾಗಿತ್ತು.

ಅಂದಿನಿಂದ ನಾನು ಮಳೆಯ ಹಿಡಿತವನ್ನು ಎರಡಾಗಿ ಬಿಡಿಸಿ ನೋಡುತ್ತೇನೆ. ಬಂಟ್ವಾಳದ ಬಿ.ಸಿ. ರೋಡಿನಿಂದ ಆಚೆಗಿನ ನೇರ ಹೆದ್ದಾರಿಯಲ್ಲಿ ವೈರಿ ನಿಂತ ನೀರು; ಅಲ್ಲಿ ಕಾಯುವುದು ತೋಡು. ಘಾಟಿಯಲ್ಲಿ ವೇಗ ಕಡಿಮೆ, ಇಳಿಜಾರಿನಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಅಲ್ಲಿನ ವೈರಿಗಳು ಬೇರೆ: ನೆರಳಿನ ತಿರುವಿನ ಹಾವಸೆ, ಕೊಳೆತ ಎಲೆ, ಕೆಮ್ಮಣ್ಣಿನ ಲೇಪ, ಲಾರಿ ಸೋರಿಸಿದ ಡೀಸೆಲ್. ಅಲ್ಲಿ ಕಾಯುವುದು ರಬ್ಬರಿನ ಮೆದುತನ. ಅದು ಜಲ್ಲಿಯ ಸಣ್ಣಸಣ್ಣ ಮೊನೆಗಳ ಸುತ್ತ ಒತ್ತಿ ಕೂರಬೇಕು. ಇಂದಿನ ಒಳ್ಳೆಯ ಟೈರುಗಳು ಒದ್ದೆಯಲ್ಲಿ ಹಿಡಿಯುವುದಕ್ಕೆ ಅವುಗಳಲ್ಲಿ ಬೆರೆಸುವ ಸಿಲಿಕಾ ದೊಡ್ಡ ಕಾರಣ. ಮಿಶೆಲಿನ್ 1992ರಲ್ಲಿ ಕಾರು ಟೈರಿಗೆ ಅದನ್ನು ತಂದಿತು, ಉಳಿದವರು ಹಿಂಬಾಲಿಸಿದರು. ಬರೀ ಕಾರ್ಬನ್ ಪುಡಿಯ ಹಳೆಯ ಮಿಶ್ರಣದಲ್ಲಿ ಇಂಧನ ಉಳಿಸಲು ಹೋದರೆ ಒದ್ದೆ ಹಿಡಿತ ಬಿಟ್ಟುಕೊಡಬೇಕಿತ್ತು. ಸಿಲಿಕಾ ಆ ಜಗಳವನ್ನು ಬಹುಮಟ್ಟಿಗೆ ಬಗೆಹರಿಸಿತು.

ಈಗ ಕೊಳ್ಳುವ ವಿಷಯ. ಟೈರಿನ ಬದಿಯಲ್ಲಿ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂಬ ಮೂರು ಮಾತುಗಳಿದ್ದರೆ ಅದು ಅಮೆರಿಕದ ಶ್ರೇಣಿ. ಟ್ರ್ಯಾಕ್ಷನ್‌ನಲ್ಲಿ ಎಎ ಎಲ್ಲಕ್ಕಿಂತ ಮೇಲು, ನಂತರ ಎ, ಬಿ, ಸಿ. ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಿಡಿದು ಅಳೆದದ್ದು ಅದು. ತಿರುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಎ ಗಿಂತ ಕೆಳಗಿನದ್ದನ್ನು ನಾನು ಮುಟ್ಟುವುದಿಲ್ಲ. ಟ್ರೆಡ್‌ವೇರ್ ಬಾಳಿಕೆಯ ಅಂದಾಜು, ಕಂಪನಿಯೇ ಕೊಟ್ಟುಕೊಳ್ಳುವ ಅಂಕ. 200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ರೇಸ್ ಟ್ರ್ಯಾಕಿನ ಕಡೆಗೆ ವಾಲಿದ ಟೈರು: ತೋಡು ಕಡಿಮೆ, ನೀರು ಕಂಡರೆ ಆಗುವುದಿಲ್ಲ. ಹೆಸರಿನಲ್ಲಿ ಸ್ಪೋರ್ಟ್ ಇದ್ದ ಮಾತ್ರಕ್ಕೆ ಮಳೆಗೆ ಆಗುತ್ತದೆ ಎಂದೂ ಇಲ್ಲ, ಆಗುವುದಿಲ್ಲ ಎಂದೂ ಇಲ್ಲ ಎಂಬುದನ್ನು ನೆನಪಿಡಿ. ಮಿಶೆಲಿನ್‌ನದ್ದೇ ಪೈಲಟ್ ಸ್ಪೋರ್ಟ್ 4 ಮಳೆಯನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ರಸ್ತೆ ಟೈರು. ಅದೇ ಮನೆಯ ಕಪ್ 2 ಟ್ರ್ಯಾಕಿನದ್ದು. ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಕೊಡುವ ನಕ್ಷತ್ರಗಳು ಇಂಧನ ಉಳಿತಾಯಕ್ಕೆ ಸಂಬಂಧಿಸಿದವು, ಅವನ್ನು ಹಿಡಿತದ ನಕ್ಷತ್ರವೆಂದು ಓದಬೇಡಿ. ಹಾಗೆಯೇ ‘ಆಲ್ ಸೀಸನ್’ ಎಂಬ ಮಾತಿಗೂ ಮರುಳಾಗಬೇಡಿ. ಅವರ ಸೀಸನ್ನಿನಲ್ಲಿ ಹಿಮ ಇದೆ, ನಮ್ಮ ಆಟಿ ತಿಂಗಳ ಜಡಿಮಳೆಯಿಲ್ಲ. ಏಳು ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ಎದುರಿಸಲು ಮಾಡಿದ ರಬ್ಬರು ಪುತ್ತೂರಿನ ಏಪ್ರಿಲ್ಲಿಗೆ ಏಕೆ?

ನಿಮ್ಮ ಅಳತೆಗೆ ನಾನು ಯಾವುದನ್ನು ನೋಡುತ್ತಿದ್ದೆ ಎಂದರೆ, ಮೊದಲು ಮಿಶೆಲಿನ್‌ನ ಪ್ರೈಮಸಿ 4 ಎಸ್‌ಟಿ. ಸವೆದ ಮೇಲೂ ಒದ್ದೆಯಲ್ಲಿ ನಿಲ್ಲಬೇಕು ಎಂಬುದೇ ಪ್ರೈಮಸಿ 4ರ ಬಗ್ಗೆ ಕಂಪನಿ ಮುಂದಿಡುವ ಮಾತು, ನಿಮ್ಮ ಓಡಾಟಕ್ಕೆ ಬೇಕಾದದ್ದೂ ಅದೇ. ಯೊಕೊಹಾಮಾ ಬ್ಲೂಅರ್ಥ್ ಜಿಟಿ, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2 ಕೂಡ ಇದೇ ಪಂಕ್ತಿಯವು. ಸ್ಟೀರಿಂಗ್ ಚುರುಕಾಗಿರಲೇಬೇಕು, ಬೇಗ ಸವೆದರೂ ಚಿಂತೆಯಿಲ್ಲ ಎನ್ನುವುದಾದರೆ ಪೈಲಟ್ ಸ್ಪೋರ್ಟ್ 4 ಅಥವಾ ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್ ಕೇಳಿ ನೋಡಿ. ಇವುಗಳ ನಡುವಿನ ವ್ಯತ್ಯಾಸಕ್ಕಾಗಿ ರಾತ್ರಿಯೆಲ್ಲ ವಿಡಿಯೊ ನೋಡಬೇಡಿ, ಮಾರಾಯರೇ. ಆರು ತಿಂಗಳ ಹಿಂದೆ ತಯಾರಾದ ಎರಡನೇ ಆಯ್ಕೆ, ಮೂರು ವರ್ಷ ಗೋದಾಮಿನಲ್ಲಿ ಕೂತ ಮೊದಲ ಆಯ್ಕೆಗಿಂತ ಮೇಲು. ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ತೂಕದ ಅಂಕ, 91 ಅಥವಾ ಹೆಚ್ಚು ಇರಲಿ; 91 ಎಂದರೆ ಒಂದು ಟೈರಿಗೆ 615 ಕಿಲೋ. ಟೈರು ತಾಳಬಲ್ಲ ಗರಿಷ್ಠ ವೇಗದ ಅಕ್ಷರ ವಿ (ಗಂಟೆಗೆ 240 ಕಿಲೋಮೀಟರ್), ಅಥವಾ ಅದರ ಮೇಲಿನದು.

ಬಜೆಟ್ ಎಳೆದಾಡುತ್ತಿದೆ, ಈ ವರ್ಷ ಮುಂದಿನ ಎರಡನ್ನಷ್ಟೇ ಬದಲಿಸುತ್ತೇನೆ ಎಂದಿದ್ದೀರಿ. ನಾಲ್ಕೂ ಒಟ್ಟಿಗೆ ಆದರೆ ಒಳ್ಳೆಯದು. ಆಗದಿದ್ದರೆ ಎರಡೇ ಕೊಳ್ಳಿ, ಆದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಎಳೆಯುವ ಕಾರಿಗೆ ಇದು ವಿಚಿತ್ರವೆನಿಸುತ್ತದೆ, ಅಂಗಡಿಯ ಹುಡುಗರೂ ನಗಬಹುದು. ಮುಂದಿನದು ಜಾರಿದರೆ ನಿಮಗೆ ಕೈಯಲ್ಲಿ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಮರಳಿ ಹಿಡಿಯುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಗೊತ್ತಾಗುವಷ್ಟರಲ್ಲಿ ಮುಖ ಬಂದ ದಾರಿಗೆ ತಿರುಗಿರುತ್ತದೆ. ಹಿಂದಿನಿಂದ ಮುಂದಕ್ಕೆ ಬರುವ ಟೈರುಗಳಲ್ಲೂ ಮೂರು ಮಿಲಿಮೀಟರ್ ಉಳಿದಿರಬೇಕು. ಇಲ್ಲದಿದ್ದರೆ ಈ ಮಳೆಗೆ ನಾಲ್ಕೂ ಬದಲಿಸದೆ ದಾರಿಯಿಲ್ಲ.

ಗಾಳಿಯ ಬಗ್ಗೆ ಒಬ್ಬರು, ಮಳೆಗಾಲದಲ್ಲಿ ನಾಲ್ಕೈದು ಪಾಯಿಂಟ್ ಕಡಿಮೆ ಇಟ್ಟರೆ ಹಿಡಿತ ಹೆಚ್ಚು ಎಂದು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿಮಾನದ ಟೈರುಗಳನ್ನು ಪರೀಕ್ಷಿಸಿ ನಾಸಾದವರು ಕಂಡುಕೊಂಡ ಹಳೆಯ ಸೂತ್ರವೊಂದಿದೆ: ಟೈರು ನೀರಿನ ಮೇಲೆ ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ತೋಡು ಮುಳುಗುವಷ್ಟು ನೀರಿದ್ದಾಗ 32 ಪಾಯಿಂಟಿಗೆ ಸುಮಾರು 94 ಕಿಲೋಮೀಟರ್, 25ಕ್ಕೆ ಸುಮಾರು 83. ಕಾರಿಗೆ ಇದೇ ಅಂಕಿ ತಾಳೆಯಾಗಬೇಕೆಂದಿಲ್ಲ, ದಿಕ್ಕು ಮಾತ್ರ ಇದೇ. ಕಾರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟು, ಬೆಳಗ್ಗೆ ಟೈರು ತಣ್ಣಗಿರುವಾಗ ಹಾಕಿಸಿ. ನೈಟ್ರೋಜನ್ನಿಗೆ ದುಡ್ಡು ಬೇಡ, ಪುಕ್ಕಟೆ ಗಾಳಿಯಲ್ಲೇ ಅದು ಶೇ 78 ಇದೆ.

ಹಾಕಿಸುವ ದಿನ ಅಲ್ಲೇ ನಿಲ್ಲಿ. ರಿಮ್ಮಿಗೆ ಏರಿಸುವ ಮೊದಲು ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿಯನ್ನು ನೀವೇ ಓದಿ. ಕೆಲವು ಟೈರುಗಳಲ್ಲಿ ಅದು ಒಂದೇ ಬದಿಯಲ್ಲಿರುತ್ತದೆ, ಹಾಕಿದ ಮೇಲೆ ಒಳಗೆ ಸೇರಿಬಿಡುತ್ತದೆ. ‘ಔಟ್‌ಸೈಡ್’ ಎಂದು ಬರೆದ ಬದಿ ಹೊರಕ್ಕೇ ಬಂದಿದೆಯೇ ನೋಡಿ. ಅಲೈನ್‌ಮೆಂಟ್ ಮಾಡಿಸಿ. ಹೊಳೆಯಲಿ ಎಂದು ಬಳಿಯುವ ಎಣ್ಣೆ ನೆಲ ಮುಟ್ಟುವ ಭಾಗಕ್ಕೆ ತಾಗದಿರಲಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಹೊಸ ಟೈರಿನ ಮೈಮೇಲಿನ ನುಣುಪು ಸವೆಯಬೇಕು. ಆದ್ದರಿಂದ ಘಾಟಿ ಹತ್ತುವ ಹಿಂದಿನ ದಿನ ಹಾಕಿಸಬೇಡಿ, ಮೇ ಮಧ್ಯದೊಳಗೆ ಮುಗಿಸಿಬಿಡಿ.

ಹಳೆಯ ಟೈರುಗಳನ್ನು ಹೂಗಿಡಕ್ಕೆ ಆದೀತೆಂದು ಮನೆಗೆ ತರಬೇಡಿ, ಅಂಗಡಿಯಲ್ಲೇ ಬಿಡಿ. ರಸ್ತೆಯಲ್ಲಿ ನೀರು ಹೊರಹಾಕಲಾರದ ಟೈರು ಅಂಗಳದಲ್ಲಿ ನೀರು ಹಿಡಿದಿಡುವುದರಲ್ಲಿ ಬಹಳ ಜಾಣ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.