ತುಮಕೂರಿನ ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜಲ್ಲಿ ಐದನೇ ಸೆಮಿಸ್ಟರ್. ಸಿಜಿಪಿಎ 8 ಉಳಿಸಿಕೊಳ್ಳಲು ಕಷ್ಟದ ವಿಷಯವೊಂದನ್ನು ಡ್ರಾಪ್ ಮಾಡಲೇ?

ಪಾಸಾಗುವ ಭರವಸೆ ಇದ್ದರೆ ಬಿಡಬೇಡಿ. ಸಿಜಿಪಿಎ ಅಂದರೆ ಈವರೆಗಿನ ಎಲ್ಲ ಸೆಮಿಸ್ಟರ್‌ಗಳ, ಕ್ರೆಡಿಟ್ (ಪ್ರತಿ ವಿಷಯಕ್ಕಿರುವ ತೂಕ) ಲೆಕ್ಕದ ಗ್ರೇಡ್ ಪಾಯಿಂಟ್ ಸರಾಸರಿ. ಹಾಗಾಗಿ ಒಂದು ವಿಷಯದ ಪೆಟ್ಟು ನೀವು ಹೆದರಿದಷ್ಟು ಬೀಳುವುದಿಲ್ಲ. ಹಿಂದಿನ 80 ಕ್ರೆಡಿಟ್‌ಗೆ 8 ಇದೆ ಎಂದುಕೊಳ್ಳಿ. ಈ ಸಲದ 20ರಲ್ಲಿ 16 ಕ್ರೆಡಿಟ್‌ಗೆ 8, ಕಷ್ಟದ ವಿಷಯದ 4 ಕ್ರೆಡಿಟ್‌ಗೆ ಬರೀ 4 ಗ್ರೇಡ್ ಪಾಯಿಂಟ್ ಬಂತು. ಸೆಮಿಸ್ಟರ್ ಸರಾಸರಿ 7.2ಕ್ಕೆ ಬಿದ್ದರೂ ಸಿಜಿಪಿಎ 7.84 ಇರುತ್ತದೆ. ಬಿಟ್ಟರೆ 8 ಉಳಿಯುತ್ತದೆ, ನಿಜ. ಆದರೆ ಕಡ್ಡಾಯ ವಿಷಯವಾದರೆ ಅದಿಲ್ಲದೆ ಡಿಗ್ರಿ ಇಲ್ಲ. ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಮತ್ತೆ ಅದನ್ನೇ ಓದುತ್ತಾ ಕೂರಬೇಕಾದೀತು.

ಇಂಟರ್ನಲ್ಸ್‌ನಲ್ಲೇ (ಸೆಮಿಸ್ಟರ್ ನಡುವಿನ ಆಂತರಿಕ ಮೌಲ್ಯಮಾಪನ) ಕನಿಷ್ಠ ಅಂಕ ದಾಟುವ ಲಕ್ಷಣ ಇಲ್ಲದಿದ್ದರೆ ಬಿಡಿ, ಅದೂ ಗಡುವಿನೊಳಗೆ. ಗಡುವು ಯಾವತ್ತೆಂದು ಪರೀಕ್ಷಾ ವಿಭಾಗದಲ್ಲೇ ಕೇಳಿ. ಸೀನಿಯರ್‌ಗಳು ಹೇಳುವುದು ಬಹಳ ಸಲ ಹಳೇ ನಿಯಮ.