ನಡೆದರೆ ಹಿಡಿಯುವ, ನಿಂತರೆ ಬಿಡುವ ಮೀನಖಂಡದ ನೋವು

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಸಕ್ಕರೆ ಕಾಯಿಲೆ ಇದೆ, ಬೀಡಿ ಸೇದುತ್ತಾರೆ. ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ. ನರದ ದೌರ್ಬಲ್ಯವೆಂದು ಬಿಸಿನೀರಿನ ಶಾಖ ಕೊಡುತ್ತಿದ್ದೇವೆ. ನಡಿಗೆ ನಿಲ್ಲಿಸಬೇಕೆ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಶಾಖ ನಿಲ್ಲಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ರಕ್ತ ಸಾಲದ ಕಾಲಿನಲ್ಲಿ ಆ ಗಾಯ ಬೇಗ ಮಾಯುವುದೂ ಇಲ್ಲ.

ಈ ಲಕ್ಷಣ ನರದ್ದಲ್ಲ, ಹೆಚ್ಚಾಗಿ ಅಪಧಮನಿಯದು, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳದ್ದು. ಒಳಗೋಡೆಗೆ ಕೊಬ್ಬು ಕಟ್ಟಿ ನಾಳ ಕಿರಿದಾದರೆ, ಕೂತಾಗ ಸಾಲುವ ರಕ್ತ ನಡೆಯುವಾಗ ಸಾಲದು. ಸೊಂಟದಲ್ಲಿ ನರ ಒತ್ತಿದ ನೋವು ಸುಮ್ಮನೆ ನಿಂತರೆ ಹೋಗದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು.

ಪರೀಕ್ಷೆಗೆ ಸೂಜಿಯೂ ಬೇಡ. ಹತ್ತು ನಿಮಿಷ ಮಲಗಿಸಿ, ಎರಡೂ ತೋಳು, ಎರಡೂ ಕಾಲಿನ ಹರಡಿನ ಮೇಲೆ ಪಟ್ಟಿ ಕಟ್ಟಿ ಡಾಪ್ಲರ್‌ನಿಂದ (ರಕ್ತದ ಹರಿವನ್ನು ಶಬ್ದದಲ್ಲಿ ಕೇಳಿಸುವ ಸಾಧನ) ಮೇಲಿನ ಬಿಪಿ ನೋಡುತ್ತಾರೆ. ಕಾಲಿನ ಅಂಕಿಯನ್ನು ತೋಳಿನದರಿಂದ ಭಾಗಿಸಬೇಕು. ತೋಳಿನಲ್ಲಿ 140, ಕಾಲಿನಲ್ಲಿ 98 ಇದ್ದರೆ 0.7. ಸಹಜ ಅಂಕಿ 1ರಿಂದ 1.4, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ. ಆದರೆ ಸಕ್ಕರೆ ಇದ್ದವರಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ಸುಣ್ಣಗಟ್ಟಿದ ನಾಳ ಪಟ್ಟಿಯ ಬಿಗಿಗೆ ಅದುಮದೆ ಅಂಕಿ ಸುಳ್ಳೇ ಏರುತ್ತದೆ. ಹಾಗಾಗಿ 1.4 ದಾಟಿದರೆ, ಅಥವಾ ನೋವಿದ್ದೂ ‘ನಾರ್ಮಲ್’ ಎಂದು ಬಂದರೆ, ಕಾಲ್ಬೆರಳಿನ ಒತ್ತಡವನ್ನೂ ಅಳೆಯಲು ಕೇಳಿ.

ನಡಿಗೆ ನಿಲ್ಲಿಸಬೇಡಿ, ಅದೇ ದೊಡ್ಡ ಮದ್ದು. ಪಾದದಲ್ಲಿ ಗಾಯವಿಲ್ಲ, ಹೃದಯಕ್ಕೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಕುಂದವಾಡ ಕೆರೆಯಂಥ ಸಮತಟ್ಟು ದಾರಿಯಲ್ಲಿ ನೋವು ಚೆನ್ನಾಗಿ ಬರುವವರೆಗೆ ನಡೆಯಲಿ, ಪೂರ್ತಿ ಹೋಗುವವರೆಗೆ ನಿಲ್ಲಲಿ, ಮತ್ತೆ ನಡೆಯಲಿ. ಹೀಗೆ 30–45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಬರಿಗಾಲು ಬೇಡ.

ಬೀಡಿ ಕಡಿಮೆ ಮಾಡಿದರೆ ಸಾಲದು, ಬಿಡಲೇಬೇಕು. ಸ್ಟ್ಯಾಟಿನ್, ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಬರೆದುಕೊಟ್ಟರೆ ‘ಕಾಲುನೋವು ಹೋಗಲಿಲ್ಲ’ ಎಂದು ನಿಲ್ಲಿಸಬೇಡಿ. ಅವು ಮುಖ್ಯವಾಗಿ ಹೃದಯಾಘಾತ, ಪಾರ್ಶ್ವವಾಯು ತಡೆಯಲಿಕ್ಕೆ. ನಡೆಯುವ ದೂರ ಹೆಚ್ಚಿಸುವ ಸಿಲೊಸ್ಟಜೋಲ್ ಬೇರೆ. ಹೃದಯ ವೈಫಲ್ಯ ಇದ್ದವರಿಗೆ ಅದು ಕೂಡದು.

ರಾತ್ರಿ ಮಲಗಿದಾಗ ಪಾದ ನೋಯ್ದು, ಮಂಚದಿಂದ ಇಳಿಬಿಟ್ಟರೆ ಹಗುರಾಗುತ್ತಿದ್ದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾದರೆ ತಡಮಾಡದೆ ರಕ್ತನಾಳ ತಜ್ಞರಿಗೆ ತೋರಿಸಿ. ಕಾಲು ಏಕಾಏಕಿ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು ಬೆರಳು ಆಡದಿದ್ದರೆ ಸಾಮಾನ್ಯವಾಗಿ ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. ಆಗ ತಿಕ್ಕುತ್ತ ಕೂರದೆ, ನಾಳದ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಫೋನು ಮಾಡಿ ನೇರವಾಗಿ ಅಲ್ಲಿಗೇ ಹೊರಡಿ.