ಕ್ಯಾಂಪರ್ ವ್ಯಾನಿಗೆ ಚಿಕ್ಕ ಟಿವಿ: 24 ಇಂಚು ಸಾಕೇ, 32 ಬೇಕೇ?

ಮಲಗುವ ಜಾಗದಿಂದ ಒಂದೂವರೆ ಮೀಟರ್ ದೂರದಲ್ಲಿ, ಕಪಾಟಿನ ಪಕ್ಕ ಟಿವಿ ಹಾಕಬೇಕು, ರಾತ್ರಿ ಎರಡು ಗಂಟೆ ನೋಡಿದರೆ ಹೆಚ್ಚು, 100 ಆಂಪ್-ಅವರ್‌ನ ಮಾಮೂಲಿ ಲೆಡ್-ಆ್ಯಸಿಡ್ ಬ್ಯಾಟರಿ ಇದೆ ಎಂದಿದ್ದೀರಿ. ಹಾಗಾದರೆ 24 ಇಂಚು ಧಾರಾಳ. ಪರದೆ ಸುಮಾರು 53 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಬರುತ್ತದೆ, 32 ಇಂಚಿನದು 71ಕ್ಕೆ 40. ಅಂಚಿಗೆ ಇನ್ನೊಂದೆರಡು ಸೆಂ.ಮೀ. ಸೇರಿಸಿ ರಟ್ಟು ಕತ್ತರಿಸಿ, ಆ ಜಾಗದಲ್ಲಿ ಹಿಡಿದು ಕಪಾಟಿನ ಬಾಗಿಲು ತೆಗೆದು ನೋಡಿ. ಅಲ್ಲಿಗೆ ಅಳತೆಯ ಮಾತು ಮುಗಿಯಿತು. ಈ ಗಾತ್ರದಲ್ಲಿ 4ಕೆ ಹುಡುಕುತ್ತಾ ಕೂರಬೇಡಿ, ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ವ್ಯಾನಿನ ಟಿವಿ ಎಂದರೆ ನಾನು ಮೊದಲು ತಿರುಗಿಸಿ ಬೆನ್ನು ನೋಡುವವನು. ಕರೆಂಟಿನ ವೈರು ನೇರ ಟಿವಿಯೊಳಕ್ಕೇ ಹೋಗುತ್ತದೆಯೋ, ನಡುವೆ ಲ್ಯಾಪ್‌ಟಾಪಿನದರಂತೆ ಕಪ್ಪು ಅಡಾಪ್ಟರ್ ಇದೆಯೋ? ಅಡಾಪ್ಟರ್ ಇದ್ದರೆ ಅದರ ಲೇಬಲ್ ಓದಿ. ಔಟ್‌ಪುಟ್ ಎಂದಿರುವ ಸಾಲಿನಲ್ಲಿ 12 ವೋಲ್ಟ್ ಅಥವಾ 19 ವೋಲ್ಟ್ ಎಂದಿರುತ್ತದೆ, ಪಕ್ಕದಲ್ಲಿ ಆಂಪ್. ಕೆಳಗೆ ಒಂದು ಚುಕ್ಕೆ, ಅದರ ಸುತ್ತ ಅರ್ಧ ಬಳೆಯಂಥ ಗೆರೆ, ಎರಡು ಬದಿಗೆ ಪ್ಲಸ್ ಮೈನಸ್ ಗುರುತು. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂದು ಹೇಳುವುದು ಆ ಪುಟ್ಟ ಚಿತ್ರವೇ. ಬೇರೆ ವೈರು ಹಾಕುವಾಗ ಅದು ತಿರುವುಮುರುವಾದರೆ ಟಿವಿ ಸುಟ್ಟುಹೋಗಬಹುದು.

12 ವೋಲ್ಟ್ ಎಂದು ಬರೆದಿದೆ, ಬ್ಯಾಟರಿಯೂ 12 ವೋಲ್ಟು, ನೇರ ಕೊಟ್ಟುಬಿಡೋಣ ಎನ್ನಿಸುತ್ತದೆ. ಬ್ಯಾಟರಿ ಯಾವತ್ತೂ ಸರಿಯಾಗಿ 12ರಲ್ಲಿ ನಿಲ್ಲುವುದಿಲ್ಲ. ತುಂಬಿದಾಗ 12.7ರ ಆಸುಪಾಸು, ಸೋಲಾರ್‌ನಿಂದಲೋ ಎಂಜಿನ್‌ನಿಂದಲೋ ಚಾರ್ಜ್ ಆಗುವಾಗ 14.4ರವರೆಗೆ, ಖಾಲಿಯಾಗುತ್ತಾ ಬಂದಂತೆ 12ಕ್ಕಿಂತ ಕೆಳಗೆ. ವಾಹನಗಳಿಗೆಂದೇ ಮಾಡಿದ ಟಿವಿಗಳು ಈ ಏರಿಳಿತ ತಡೆದುಕೊಳ್ಳುತ್ತವೆ. ಎಷ್ಟರಿಂದ ಎಷ್ಟು ವೋಲ್ಟ್ ಎಂದು ಅವುಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಬರೆದಿಲ್ಲ ಎಂದರೆ ನಡುವೆ ವೋಲ್ಟೇಜನ್ನು 12ರಲ್ಲೇ ಹಿಡಿದಿಡುವ ಡಿಸಿ ಸ್ಟೆಬಿಲೈಸರ್ ಹಾಕಿ. ಟಿವಿ 19 ವೋಲ್ಟಿನದಾದರೆ ವೋಲ್ಟೇಜ್ ಏರಿಸುವ ಕನ್ವರ್ಟರ್ ಸಿಗುತ್ತದೆ. ಯಾವುದೇ ಆದರೂ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಲಿ.

ಅಡಾಪ್ಟರೇ ಇಲ್ಲದ ಟಿವಿಗೆ ಇನ್ವರ್ಟರ್ ಬೇಕು, ಅಂದರೆ ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಪೆಟ್ಟಿಗೆ. ನಾನು ಬೇಡ ಎನ್ನುವುದು ಇದನ್ನೇ. 24 ಇಂಚಿನ ಎಲ್‌ಇಡಿ ಟಿವಿ ಸುಮಾರು 30 ವ್ಯಾಟ್ ಎಂದಿಟ್ಟುಕೊಳ್ಳಿ, ಬ್ಯಾಟರಿಯಿಂದ ನೇರ ಎಳೆದರೆ 2.5 ಆಂಪ್, ಎರಡು ಗಂಟೆಗೆ 5 ಆಂಪ್-ಅವರ್. ಲೆಡ್-ಆ್ಯಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸುವುದು ಒಳ್ಳೆಯದು, ಅಂದರೆ ನಿಮ್ಮ ಕೈಯಲ್ಲಿರುವುದು 50. ಅದರಲ್ಲಿ 5 ಏನೂ ಅಲ್ಲ. ಇನ್ವರ್ಟರ್ ಮೂಲಕ ಹೋದರೆ ಪರಿವರ್ತನೆಯಲ್ಲೇ ಹತ್ತು ಹದಿನೈದು ಪರ್ಸೆಂಟ್ ಸೋರುತ್ತದೆ. ಅದನ್ನಾದರೂ ಸಹಿಸಬಹುದು. ಆದರೆ ಟಿವಿ ಆರಿಸಿ ಮಲಗಿದ ಮೇಲೂ ಇನ್ವರ್ಟರ್ ಆನ್ ಇದ್ದರೆ, ದೊಡ್ಡದಾದರೆ ಸುಮ್ಮನೆ ಕೂತೇ ಅರ್ಧದಿಂದ ಒಂದು ಆಂಪ್ ತಿನ್ನುತ್ತಿರುತ್ತದೆ. ಬೆಳಗಿನ ಹೊತ್ತಿಗೆ ನೀವು ನೋಡಿದ ಸಿನಿಮಾಕ್ಕಿಂತ ನಿದ್ದೆಗೇ ಹೆಚ್ಚು ಕರೆಂಟ್ ಖರ್ಚಾಗಿದ್ದರೂ ಆಶ್ಚರ್ಯವಿಲ್ಲ.

ಇನ್ನು ಪರದೆ. ಮನೆಯಲ್ಲಿ ಟಿವಿಯ ಎದುರು ಕೂರುತ್ತೇವೆ, ವ್ಯಾನಿನಲ್ಲಿ ಮಲಗಿಕೊಂಡು ಕೆಳಗಿನಿಂದಲೋ ಓರೆಯಾಗಿಯೋ ನೋಡುತ್ತೇವೆ. ಚಿಕ್ಕ ಟಿವಿಗಳಲ್ಲಿ ಟಿಎನ್ ಎಂಬ ಅಗ್ಗದ ಬಗೆಯ ಪರದೆ ಕಾಣಸಿಗುತ್ತದೆ, ಅದನ್ನು ಕೆಳಗಿನಿಂದ ನೋಡಿದರೆ ಮುಖಗಳು ಹಳೇ ಫೋಟೋ ನೆಗೆಟಿವ್‌ನಂತೆ ಕಪ್ಪಗಾಗುತ್ತವೆ. ವಿವರಪಟ್ಟಿಯಲ್ಲಿ ನೋಡುವ ಕೋನ 178 ಡಿಗ್ರಿ ಎಂದಿದ್ದರೆ ಅದು ಸಾಮಾನ್ಯವಾಗಿ ಐಪಿಎಸ್ ಅಥವಾ ವಿಎ ಎಂಬ ಬೇರೆ ಬಗೆಯ ಪರದೆ. 170, 160 ಎಂದಿದ್ದರೆ ಟಿಎನ್ ಎಂದೇ ತಿಳಿಯಿರಿ. ಓರೆಯಾಗಿ ನೋಡುವವರಿಗೆ ಐಪಿಎಸ್ ಲೇಸು, ಕತ್ತಲಲ್ಲಿ ಕಪ್ಪು ಬಣ್ಣ ತುಸು ಬೂದಿಯಾಗಿ ಕಂಡರೂ ಪರವಾಗಿಲ್ಲ. ಅಂಗಡಿಯಲ್ಲಿ ಸಂಕೋಚ ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೇಲಕ್ಕೆ ನೋಡಿ, ಜನ ನೋಡಿದರೆ ನೋಡಲಿ.

ಬೆನ್ನಿನ ಮೇಲೆ ಬ್ರಾಕೆಟ್ಟಿಗೆ ನಾಲ್ಕು ತೂತು ಇವೆಯೇ ನೋಡಿ, 75 ಅಥವಾ 100 ಮಿ.ಮೀ. ಅಂತರದಲ್ಲಿರುತ್ತವೆ. ಕೆಲವು ಚಿಕ್ಕ ಟಿವಿಗಳಿಗೆ ಇರುವುದೇ ಇಲ್ಲ, ಬರೀ ಕಾಲು. ಓಡುವ ಗಾಡಿಯಲ್ಲಿ ಕಾಲಿನ ಮೇಲೆ ನಿಂತ ಟಿವಿ ಮೊದಲ ರಸ್ತೆ ಉಬ್ಬಿಗೇ ಮಂಚಕ್ಕೆ ಹಾರುತ್ತದೆ. ಬ್ರಾಕೆಟ್ ಲಾಕ್ ಆಗುವಂಥದ್ದೇ ಇರಬೇಕು. ಎಚ್‌ಡಿಎಂಐ ತೂತು ಹಿಂದಕ್ಕಿದ್ದರೆ ಪ್ಲಗ್ ಗೋಡೆಗೆ ತಾಗುತ್ತದೆ, ಬದಿಗಿದ್ದರೆ ಚೆನ್ನ. ‘ಕುಲುಕಾಟ ತಡೆಯುತ್ತದೆ’ ಎಂಬ ಒಂದೇ ಮಾತಿಗಾಗಿ ನಾನು ಹೆಚ್ಚು ದುಡ್ಡು ಕೊಡುವುದಿಲ್ಲ. ರಸ್ತೆ ತೀರಾ ಕೆಟ್ಟಿದ್ದರೆ ಟಿವಿ ಬಿಚ್ಚಿ ಹಾಸಿಗೆಯ ನಡುವೆ ಇಟ್ಟುಬಿಡುತ್ತೇನೆ.

ಸ್ಮಾರ್ಟ್ ಟಿವಿಯೇ ಬೇಕೆಂದೇನಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಅದು ಬರೀ ಟಿವಿ. ಇರುವ ಕಡೆ ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೆ ಡೇಟಾ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಸಿನಿಮಾ ಒಯ್ಯುವುದಾದರೆ ಟಿವಿ ಎಕ್ಸ್‌ಫ್ಯಾಟ್ ಓದುತ್ತದೆಯೇ ಕೇಳಿ (ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಒಂದು ಬಗೆ ಅದು, ಫ್ಯಾಟ್32 ಇನ್ನೊಂದು). ಫ್ಯಾಟ್32 ಮಾತ್ರ ಓದುವುದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಹಾಕಲಾಗದು. ಹೆಡ್‌ಫೋನ್ ತೂತು ಅಥವಾ ಬ್ಲೂಟೂತ್ ಮಾತ್ರ ಇರಲೇಬೇಕು, ತಗಡಿನ ಮೇಲೆ ಮಳೆ ಬೀಳತೊಡಗಿದರೆ ಈ ಚಿಕ್ಕ ಸ್ಪೀಕರ್‌ಗಳ ದನಿ ಕೇಳುವುದಿಲ್ಲ.

ಯಾವುದಾದರೂ ಮಾಡೆಲ್ ಮನಸ್ಸಿನಲ್ಲಿದ್ದರೆ ಅದರ ಅಡಾಪ್ಟರ್ ಲೇಬಲ್‌ನಲ್ಲಿ ಏನಿದೆ ಬರೆಯಿರಿ, ಸ್ಟೆಬಿಲೈಸರ್ ಎಷ್ಟು ಆಂಪಿನದು ಬೇಕು ಹೇಳುತ್ತೇನೆ.